ದುರಸ್ತಿ ಮಾಡುವ ಕೋಶವೆಂಬ ನಂಬಿಕೆ

ಸಾಕುನಾಯಿಗಳ ವೈದ್ಯದಲ್ಲಿ ಕಳೆದ ಎರಡು ದಶಕಗಳಿಂದ ಒಂದು ನಂಬಿಕೆ ಬಲವಾಗಿ ಬೇರೂರಿದೆ. ನಾಯಿಯ ಚರ್ಮದ ಅಡಿಯಿಂದಲೋ ಹೊಟ್ಟೆಯೊಳಗಿನ ಮಡಿಕೆಯಿಂದಲೋ ಒಂದಿಷ್ಟು ಕೊಬ್ಬನ್ನು ತೆಗೆದು, ಅಂಗಾಂಶದ ನಾರುಗಳನ್ನು ಬಿಡಿಸುವ ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಇಟ್ಟು, ಕೊಬ್ಬು ತುಂಬಿದ ದೊಡ್ಡ ಕೋಶಗಳನ್ನು ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಕೋಶಗಳ ನಡುವೆ ಕಾಂಡಕೋಶಗಳಿರುತ್ತವೆ. ಅವನ್ನು ಕೀಲಿಗೋ ರಕ್ತನಾಳಕ್ಕೋ ಚುಚ್ಚಿದರೆ ಅವು ಕೆಟ್ಟ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ನೆಲೆಸುತ್ತವೆ, ಸವೆದ ಮೃದ್ವಸ್ಥಿಯನ್ನು ಹೊಸದಾಗಿ ಕಟ್ಟುತ್ತವೆ, ಕೆರಳಿದ ರೋಗನಿರೋಧಕ ವ್ಯವಸ್ಥೆಯನ್ನು ಮೊದಲಿನ ಸಮತೋಲಕ್ಕೆ ತರುತ್ತವೆ, ಯಾವ ನಾಯಿಯಿಂದ ಬಂದರೂ ಇನ್ನೊಂದು ನಾಯಿಯ ದೇಹಕ್ಕೆ ಪರಕೀಯವಾಗಿ ತೋರುವುದಿಲ್ಲ ಎಂಬುದು ಆ ನಂಬಿಕೆಯ ಸಾರ. ಚಿಕಿತ್ಸಾಲಯಗಳ ಪ್ರಚಾರಪತ್ರಗಳಲ್ಲಿ ಮಾತ್ರವಲ್ಲ, ಪಶುವೈದ್ಯರ ಸಾಮಾನ್ಯ ಮಾತುಕತೆಯಲ್ಲಿಯೂ ಈ ನಾಲ್ಕು ಮಾತುಗಳು ಪ್ರಶ್ನೆಗೆ ಅತೀತವಾದ ಸತ್ಯಗಳಂತೆ ಓಡಾಡುತ್ತಿವೆ.

ಈ ಪೂರ್ವಪಕ್ಷದಲ್ಲಿ ಒಪ್ಪಬೇಕಾದ ಅಂಶ ಒಂದಿದೆ. ಕೊಬ್ಬಿನ ಅಂಗಾಂಶದಿಂದ ಬಂದ ಈ ಕೋಶಗಳು ನಾಯಿಯ ನಿರೋಧಕ ವ್ಯವಸ್ಥೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ವಿವಾದವಿರುವುದು ಆ ಪ್ರಭಾವದ ಕರ್ತೃ ಯಾರು ಎಂಬಲ್ಲಿ. ಚುಚ್ಚಿದ ಕೋಶವೇ ಕರ್ತೃ, ರೋಗಿಯಾದ ನಾಯಿ ಬರಿಯ ಪಾತ್ರೆ ಎಂದು ರೂಢಿಯ ನಂಬಿಕೆ ಹೇಳುತ್ತದೆ. ಸಾಕ್ಷ್ಯ ಹೇಳುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಹೊರಗಿನಿಂದ ಬಂದ ಕೋಶ ಅಲ್ಪಾಯು; ಅದು ಬದುಕಿರುವಷ್ಟು ಹೊತ್ತು ಏನು ಮಾಡಬೇಕೆಂಬುದನ್ನು ಸುತ್ತಲಿನ ಉರಿಯೂತ ನಿರ್ಧರಿಸುತ್ತದೆ, ಅದು ಸತ್ತ ಮೇಲೆ ಅದರ ಅವಶೇಷವನ್ನು ನುಂಗಿದ ನಾಯಿಯ ಸ್ವಂತ ಕೋಶಗಳು ಉಳಿದ ಕೆಲಸವನ್ನು ಮಾಡುತ್ತವೆ. ಹಾಗಿರುವಾಗ ಕೋಶವನ್ನು ಮಾತ್ರ ನೋಡಿ ರೋಗಿಯನ್ನು ನೋಡದ ಚಿಕಿತ್ಸಾಕ್ರಮ ತನ್ನ ಔಷಧದ ಅರ್ಧಭಾಗವನ್ನು ಅಳೆಯದೆಯೇ ಕೊಡುತ್ತಿದೆ ಎನ್ನಬೇಕಾಗುತ್ತದೆ.

ನಂಬಿಕೆ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು. 1960 ಮತ್ತು 70ರ ದಶಕಗಳಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅಸ್ಥಿಮಜ್ಜೆಯಲ್ಲಿ ಗಾಜಿಗೆ ಅಂಟಿಕೊಂಡು ಗುಂಪುಗುಂಪಾಗಿ ಬೆಳೆಯುವ, ಮೂಳೆಯನ್ನು ರೂಪಿಸಬಲ್ಲ ಕೋಶಗಳನ್ನು ಗುರುತಿಸಿದರು. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಇಂಥ ಕೋಶಗಳಿಗೆ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಭ್ರೂಣದ ಮಧ್ಯಪದರದ ಅಂಗಾಂಶದಿಂದ ಮೂಳೆ, ಮೃದ್ವಸ್ಥಿ, ಕೊಬ್ಬುಗಳು ಹುಟ್ಟುವಂತೆ ಈ ಕೋಶಗಳಿಂದಲೂ ಹುಟ್ಟಬಲ್ಲವು ಎಂಬುದು ಅದರ ಹಿಂದಿನ ಕಲ್ಪನೆ. 2001ರಲ್ಲಿ ಪೆಟ್ರಿಷಿಯಾ ಝುಕ್ ಮತ್ತು ಸಂಗಡಿಗರು ಮನುಷ್ಯರ ಕೊಬ್ಬಿನಲ್ಲಿಯೂ ಇಂಥವೇ ಕೋಶಗಳು ಹೇರಳವಾಗಿವೆ ಎಂದು ತೋರಿಸಿದ ಮೇಲೆ, ಮಜ್ಜೆಯನ್ನು ಹೀರುವ ನೋವಿನ ಕೆಲಸ ತಪ್ಪಿ, ಸುಲಭವಾಗಿ ಸಿಗುವ ಕೊಬ್ಬು ವ್ಯಾಪಾರಕ್ಕೆ ತೆರೆದುಕೊಂಡಿತು. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ವೆಟ್-ಸ್ಟೆಮ್ ಸಂಸ್ಥೆ ಮೊದಲು ಕುದುರೆಗಳಿಗೆ, ಅನಂತರ ನಾಯಿಗಳಿಗೆ ಈ ಸೇವೆಯನ್ನು ಒದಗಿಸತೊಡಗಿತು. ಹೀಗೆ ನಾಯಿಯ ದೇಹದೊಳಗೆ ಆ ಕೋಶ ಏನು ಮಾಡುತ್ತದೆ ಎಂಬುದು ಖಚಿತವಾಗುವ ಮುಂಚೆಯೇ ಚಿಕಿತ್ಸೆ ಮಾರುಕಟ್ಟೆಗೆ ಬಂದಿತು, ಮತ್ತು ತಟ್ಟೆಯಲ್ಲಿ ರಾಸಾಯನಿಕಗಳನ್ನು ಹಾಕಿ ಬಲವಂತವಾಗಿ ಮೃದ್ವಸ್ಥಿಯಾಗಿಸಿದ ಕೋಶದ ಚಿತ್ರವೇ ನಾಯಿಯ ಕೀಲಿನೊಳಗಿನ ಘಟನೆಯ ಚಿತ್ರವೆಂದು ನಂಬಿಸಲಾಯಿತು. ಆ ಹೆಸರನ್ನು ಕೊಟ್ಟ ಕ್ಯಾಪ್ಲನ್ ಅವರೇ 2017ರಲ್ಲಿ ಅದನ್ನು ಕೈಬಿಡಬೇಕೆಂದು ಬರೆದರು. ದೇಹದೊಳಗೆ ಈ ಕೋಶಗಳು ಬೇರೆ ಅಂಗಾಂಶವಾಗಿ ಮಾರ್ಪಡುವುದಿಲ್ಲ, ಸಂಕೇತದ್ರವ್ಯಗಳನ್ನು ಸ್ರವಿಸುತ್ತವೆ ಎಂಬುದು ಅವರು ಕೊಟ್ಟ ಕಾರಣ. ಪ್ರಚಾರಪತ್ರಗಳು ಆ ತಿದ್ದುಪಡಿಯನ್ನು ಓದಿದಂತೆ ಕಾಣುವುದಿಲ್ಲ.

ಕೋಶಗಳು ಕೆಟ್ಟ ಜಾಗಕ್ಕೆ ಹೋಗಿ ನೆಲೆಸುತ್ತವೆ ಎಂಬ ಮಾತು ಸರಳ ಅಳತೆಯ ಮುಂದೆಯೇ ನಿಲ್ಲುವುದಿಲ್ಲ. ತಟ್ಟೆಯಲ್ಲಿ ಬೆಳೆಸಿದ ಇಂಥ ಕೋಶದ ಅಡ್ಡಳತೆ ಸಾಮಾನ್ಯವಾಗಿ 15ರಿಂದ 30 ಮೈಕ್ರೋಮೀಟರ್. ಶ್ವಾಸಕೋಶದ ಲೋಮನಾಳಗಳ ಒಳಹರವು ಹತ್ತು ಮೈಕ್ರೋಮೀಟರನ್ನೂ ಮುಟ್ಟುವುದಿಲ್ಲ. ಅಭಿಧಮನಿಗೆ ಕೊಟ್ಟ ಕೋಶಗಳು ಹೃದಯದ ಬಲಭಾಗವನ್ನು ದಾಟಿದೊಡನೆ ಎದುರಾಗುವ ಮೊದಲ ಜಾಲವೇ ಶ್ವಾಸಕೋಶವಾದ್ದರಿಂದ ಬಹುಪಾಲು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಇಲಿಗಳಲ್ಲಿ ಗುರುತು ಹಚ್ಚಿ ಹಿಂಬಾಲಿಸಿದ ಪ್ರಯೋಗಗಳಲ್ಲಿ ಒಂದು ದಿನ ಕಳೆಯುವಷ್ಟರಲ್ಲಿ ಜೀವಂತ ಕೋಶಗಳು ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದ್ದವು. ಕರುಳಿನ ಉರಿಯೂತಕ್ಕೆಂದು ಕಿಲೋ ತೂಕಕ್ಕೆ 20 ಲಕ್ಷ ಕೋಶಗಳಂತೆ ಇಪ್ಪತ್ತು ಕಿಲೋ ನಾಯಿಯೊಂದಕ್ಕೆ ನಾಲ್ಕು ಕೋಟಿ ಕೋಶಗಳನ್ನು ಕೊಟ್ಟರೆ, ಅವುಗಳಲ್ಲಿ ಕರುಳನ್ನು ತಲಪಿ ನೆಲೆಸುವವು ಇದ್ದರೂ ಲೆಕ್ಕಕ್ಕೆ ಬಾರದಷ್ಟು. ಹಾಲಿಗೆ ಹಾಕಿದ ಹೆಪ್ಪಿನಂತೆ ಸ್ವಲ್ಪವೇ ಒಳಹೊಕ್ಕು ತಾನೇ ಬೆಳೆದು ಎಲ್ಲವನ್ನೂ ತನ್ನಂತೆ ಮಾಡಿಕೊಳ್ಳುತ್ತದೆ ಎಂದು ಜನ ಭಾವಿಸಿರುವ ಈ ಕೋಶ, ವಾಸ್ತವದಲ್ಲಿ ಬೆಳೆಯುವುದೂ ಇಲ್ಲ, ಬಾಳುವುದೂ ಇಲ್ಲ.

ಕೀಲಿಗೇ ನೇರವಾಗಿ ಚುಚ್ಚಿದಾಗ ಶ್ವಾಸಕೋಶದ ಅಡ್ಡಿ ಇರುವುದಿಲ್ಲವೆಂಬುದು ನಿಜ. ಆದರೆ ಅಲ್ಲಿಯೂ ಮೃದ್ವಸ್ಥಿಯ ಪುನರ್ನಿರ್ಮಾಣವೇ ನಡೆಯುತ್ತಿದ್ದರೆ ಲಾಭ ಕಾಲಕ್ರಮದಲ್ಲಿ ಹೆಚ್ಚಬೇಕಿತ್ತು, ಕನಿಷ್ಠ ಉಳಿಯಬೇಕಿತ್ತು. ಸ್ಪೇನಿನ ಗ್ರಾನ್ ಕನೇರಿಯಾದಲ್ಲಿ ಸೊಂಟದ ಕೀಲುಸವೆತವಿದ್ದ ನಾಯಿಗಳಿಗೆ ಅವುಗಳದೇ ಕೊಬ್ಬಿನ ಕೋಶಗಳನ್ನು ಚುಚ್ಚಿ, ಹೆಜ್ಜೆ ಊರುವ ಬಲವನ್ನು ನೆಲದಲ್ಲಿ ಹುದುಗಿಸಿದ ಬಲಮಾಪಕ ಹಲಗೆಯಿಂದ ಅಳೆದು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು, ಏಕೆಂದರೆ ಅಲ್ಲಿ ಅಳೆದದ್ದು ಯಂತ್ರ, ಯಾರ ಆಸೆಯೂ ಅಲ್ಲ. ಮೊದಲ ತಿಂಗಳಲ್ಲಿ ಬಲ ಹೆಚ್ಚಿತು, ಅನಂತರ ಇಳಿಯತೊಡಗಿತು, 180ನೇ ದಿನದ ಹೊತ್ತಿಗೆ ಚಿಕಿತ್ಸೆಗೆ ಮುಂಚಿನ ಮಟ್ಟಕ್ಕೇ ಮರಳಿತು. ಹೊಸದಾಗಿ ಕಟ್ಟಿದ ಮೃದ್ವಸ್ಥಿ ಆರು ತಿಂಗಳಲ್ಲಿ ಮಾಯವಾಗುವುದಿಲ್ಲ. ಶಮನವಾದ ಉರಿಯೂತ ಮತ್ತೆ ತಲೆಯೆತ್ತುವುದು ಮಾತ್ರ ಹೀಗೆ. ನೋವು ಕೆಲವು ತಿಂಗಳ ಕಾಲ ಕಡಿಮೆಯಾಗುವುದು ನಾಯಿಗೆ ಸಣ್ಣ ಸಂಗತಿಯಲ್ಲ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದನ್ನು ಪುನರ್ನಿರ್ಮಾಣವೆಂದು ಕರೆದು ಮಾರುವುದು ಸತ್ಯವನ್ನು ಮುಚ್ಚಿಡುವುದಾಗುತ್ತದೆ.

ಹಾಗಾದರೆ ಕೋಶ ಮಾಡುವುದೇನು? ದಕ್ಷಿಣ ಕೊರಿಯಾದ ಸಂಶೋಧಕರು 2008ರಲ್ಲಿ ನಾಯಿಯ ಕೊಬ್ಬಿನ ಕೋಶಗಳನ್ನೂ ನಾಯಿಯ ರಕ್ತದ ಬಿಳಿಕೋಶಗಳನ್ನೂ ಒಟ್ಟಿಗೆ ಬೆಳೆಸಿದಾಗ, ಪ್ರಚೋದನೆಗೊಂಡ ಬಿಳಿಕೋಶಗಳ ವೃದ್ಧಿ ತಗ್ಗಿದ್ದನ್ನೂ, ಉರಿಯೂತವನ್ನು ಹೊತ್ತಿಸುವ ಟಿಎನ್‌ಎಫ್-ಆಲ್ಫಾ ಎಂಬ ಸಂಕೇತದ್ರವ್ಯ ಕಡಿಮೆಯಾದದ್ದನ್ನೂ, ಇದಕ್ಕೆ ಕೋಶಗಳು ದ್ರವಕ್ಕೆ ಬಿಡುವ ವಸ್ತುಗಳೇ ಕಾರಣವಾಗಿರಬಹುದೆಂಬುದನ್ನೂ ವರದಿ ಮಾಡಿದರು. ಅಲ್ಲಿ ಹೆಸರಿಸಲಾದ ವಸ್ತುಗಳಲ್ಲಿ ಮುಖ್ಯವಾದವು ಪ್ರೋಸ್ಟಗ್ಲಾಂಡಿನ್ ಇ2, ಟಿಜಿಎಫ್-ಬೀಟಾ ಮತ್ತು ಐಡಿಒ ಎಂಬ ಕಿಣ್ವ. ಐಡಿಒ ಸುತ್ತಲಿನ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಖಾಲಿ ಮಾಡುತ್ತದೆ. ಅದಿಲ್ಲದೆ ಟಿ-ಕೋಶಗಳು, ಅಂದರೆ ಪರಕೀಯವನ್ನು ಗುರುತಿಸಿ ದಾಳಿ ಸಂಘಟಿಸುವ ಬಿಳಿಕೋಶಗಳು, ವಿಭಜನೆಯಾಗಲಾರವು. ಅಡಿನೋಸಿನ್ ಎಂಬ ಸಣ್ಣ ಅಣುವಿನ ಮಾರ್ಗವೂ ನಾಯಿಯ ಕೋಶಗಳ ಕೆಲಸದಲ್ಲಿ ಪಾಲುಗೊಳ್ಳುತ್ತದೆಂದು ಅನಂತರದ ಸಂಶೋಧನೆ ಸೂಚಿಸಿದೆ. ಪ್ರಭಾವ ನಿಜವಾದದ್ದು ಎಂಬುದಕ್ಕೆ ಇಷ್ಟು ಸಾಕು.

ಆದರೆ ಈ ಪಟ್ಟಿಯಿಂದ ಕೋಶವೇ ನಿರೋಧಕ ವ್ಯವಸ್ಥೆಯನ್ನು ಸರಿಪಡಿಸುವ ಯಜಮಾನ ಎಂಬ ತೀರ್ಮಾನಕ್ಕೆ ಹಾರಿದವರು ಅದೇ ಕಾಲದ ಇನ್ನೊಂದು ಶೋಧವನ್ನು ಬದಿಗೆ ಸರಿಸಿದರು. 2008ರಲ್ಲಿ ಇಲಿಗಳ ಮೇಲೆ ನಡೆದ ಕೆಲಸ ತೋರಿಸಿದಂತೆ, ಈ ಕೋಶಗಳು ಸುಮ್ಮನೆ ಇದ್ದಾಗ ಯಾರನ್ನೂ ಅಡಗಿಸುವುದಿಲ್ಲ. ಟಿ-ಕೋಶಗಳು ಬಿಡುವ ಇಂಟರ್‌ಫೆರಾನ್-ಗಾಮಾ ಮತ್ತು ಅದರ ಜೊತೆಗೆ ಟಿಎನ್‌ಎಫ್ ಅಥವಾ ಇಂಟರ್‌ಲ್ಯೂಕಿನ್-1 ಸಾಕಷ್ಟು ಪ್ರಮಾಣದಲ್ಲಿ ಸೋಕಿದಾಗ ಮಾತ್ರ ಅವು ಅಡಗಿಸುವ ಗುಣವನ್ನು ಪಡೆಯುತ್ತವೆ. ಅಂದರೆ ಉರಿಯೂತವೇ ಉರಿಯೂತವನ್ನು ಶಮನ ಮಾಡುವ ಅಪ್ಪಣೆಯನ್ನು ಕೊಡುತ್ತದೆ. ಕಸಿಯ ಕೋಶಗಳು ಆತಿಥೇಯ ದೇಹದ ಮೇಲೆ ತಿರುಗಿ ಬೀಳುವ ರೋಗದ ಇಲಿ-ಮಾದರಿಯಲ್ಲಿ, ಕಸಿಯ ದಿನವೇ ಕೊಟ್ಟ ಕೋಶಗಳು ಫಲಿಸಲಿಲ್ಲ. ಕೆಲವು ದಿನ ತಡೆದು, ಇಂಟರ್‌ಫೆರಾನ್ ಏರಿದ ಮೇಲೆ ಕೊಟ್ಟವು ಫಲಿಸಿದವು. ಕೋಶ ಅದೇ, ಪ್ರಮಾಣ ಅದೇ, ಬದಲಾದದ್ದು ರೋಗಿಯ ದೇಹದ ಸ್ಥಿತಿ. ಸಾಕಷ್ಟು ಅಪ್ಪಣೆ ಸಿಗದ ಕಡೆ ಇವೇ ಕೋಶಗಳು ಬಿಳಿಕೋಶಗಳನ್ನು ಕರೆತರುವ ದ್ರವ್ಯಗಳನ್ನು ಮಾತ್ರ ಬಿಟ್ಟು ಉರಿಯೂತವನ್ನು ಹೆಚ್ಚಿಸಿದ ಉದಾಹರಣೆಗಳೂ ಇವೆ. ಮಂದವಾಗಿ ವರ್ಷಗಟ್ಟಲೆ ಹೊಗೆಯಾಡುವ ಕೀಲುಸವೆತ, ಚರ್ಮದ ಅಲರ್ಜಿ, ತೀವ್ರವಾಗಿ ಕೆರಳಿದ ಕರುಳು, ಈ ಮೂರರಲ್ಲಿ ಇಂಟರ್‌ಫೆರಾನ್‌ನ ಮಟ್ಟ ಒಂದೇ ಆಗಿರುವುದಿಲ್ಲ. ಎಲ್ಲಕ್ಕೂ ಒಂದೇ ಬಾಟಲಿಯ ಕೋಶ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತದೆಂದು ಹೇಳಲು ಯಾವ ಆಧಾರವೂ ಇಲ್ಲ.

ಈ ಮಾತಿನಿಂದ ಹೊರಡುವ ಒಂದು ಪ್ರಶ್ನೆಯನ್ನು ರೂಢಿಯ ಚಿಕಿತ್ಸಾಕ್ರಮ ತನಗೆ ತಾನು ಕೇಳಿಕೊಂಡಿಲ್ಲದಿರುವುದು ಅಚ್ಚರಿಯ ವಿಷಯ. ಪ್ರೋಸ್ಟಗ್ಲಾಂಡಿನ್ ಇ2 ಈ ಕೋಶಗಳ ಪ್ರಮುಖ ಸಾಧನಗಳಲ್ಲೊಂದು. ಅದನ್ನು ತಯಾರಿಸುವುದು ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವ. 2009ರಲ್ಲಿ ಇಲಿಗಳ ರಕ್ತವಿಷದ ಮಾದರಿಯಲ್ಲಿ ತೋರಿಸಲಾದಂತೆ, ಮಜ್ಜೆಯ ಕೋಶಗಳು ಬಿಟ್ಟ ಪ್ರೋಸ್ಟಗ್ಲಾಂಡಿನ್ ಆತಿಥೇಯದ ಮ್ಯಾಕ್ರೋಫೇಜ್‌ಗಳ, ಅಂದರೆ ನುಂಗುಕೋಶಗಳ, ಇಪಿ2 ಮತ್ತು ಇಪಿ4 ಎಂಬ ಗ್ರಾಹಕಗಳಿಗೆ ಅಂಟಿ, ಅವುಗಳಿಂದ ಇಂಟರ್‌ಲ್ಯೂಕಿನ್-10 ಎಂಬ ಶಮನಕಾರಿ ದ್ರವ್ಯವನ್ನು ಹೊರಡಿಸುತ್ತದೆ. ಕೀಲುನೋವಿನ ನಾಯಿಗಳಿಗೆ ದಿನನಿತ್ಯ ಕೊಡುವ ಕಾರ್ಪ್ರೊಫೆನ್, ಮೆಲಾಕ್ಸಿಕಾಮ್‌ಗಳು ತಡೆಯುವುದು ಇದೇ ಸೈಕ್ಲೋಆಕ್ಸಿಜಿನೇಸನ್ನು. 2016ರಲ್ಲಿ ಅಮೆರಿಕದಲ್ಲಿ ನಾಯಿಗಳಿಗೆಂದೇ ಅನುಮತಿ ಪಡೆದ ಗ್ರಾಪಿಪ್ರಾಂಟ್ ಮುಚ್ಚುವುದು ಇದೇ ಇಪಿ4 ಗ್ರಾಹಕವನ್ನು. ಒಂದು ಕೈಯಿಂದ ಕೋಶವನ್ನು ಕೊಟ್ಟು ಇನ್ನೊಂದು ಕೈಯಿಂದ ಅದರ ಮಾತು ಕೇಳುವ ಕಿವಿಯನ್ನು ಮುಚ್ಚಿದಾಗ ಏನಾಗುತ್ತದೆ? ಸ್ಟೆರಾಯ್ಡ್‌ಗಳ ವಿಷಯದಲ್ಲಿಯೂ ಇದೇ ಸಂಶಯವಿದೆ: ಅವು ಇಂಟರ್‌ಫೆರಾನ್ ಮತ್ತು ಟಿಎನ್‌ಎಫ್‌ಗಳನ್ನು ತಗ್ಗಿಸುವುದರಿಂದ ಕೋಶಕ್ಕೆ ಸಿಗಬೇಕಾದ ಅಪ್ಪಣೆಯೇ ಸಿಗದೆ ಹೋಗಬಹುದು. ಕೋಶವೇ ಸರ್ವಶಕ್ತವೆಂದು ನಂಬಿದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಕೋಶ ಮತ್ತು ರೋಗಿಯ ನಡುವಿನ ಸಂವಾದವೇ ಚಿಕಿತ್ಸೆ ಎಂದು ಒಪ್ಪಿದವರಿಗೆ ಇದು ಮೊದಲು ಹೊಳೆಯುವ ಪ್ರಶ್ನೆ. ಹಲವು ಪ್ರಯೋಗಗಳ ಪರಸ್ಪರ ವಿರುದ್ಧ ಫಲಿತಾಂಶಗಳ ಹಿಂದೆ ನಾಯಿ ಅದೇ ವಾರ ನುಂಗಿದ ಮಾತ್ರೆಯೂ ಇರಬಹುದೆಂಬ ಸಾಧ್ಯತೆಯನ್ನು ಪರೀಕ್ಷಿಸುವುದು ಕಷ್ಟದ ಕೆಲಸವೇನೂ ಅಲ್ಲ.

ಇನ್ನು ಕೋಶದ ಸಾವಿನ ಸಂಗತಿ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ರೂಢಿಯ ನಂಬಿಕೆಯ ಬುಡಕ್ಕೇ ಕೊಡಲಿಯಿಟ್ಟಿತು. ಮಜ್ಜೆಕಸಿಯ ನಂತರದ ರೋಗಕ್ಕೆ ಕೋಶಚಿಕಿತ್ಸೆ ಪಡೆದ ಮನುಷ್ಯರಲ್ಲಿ, ಯಾರ ರಕ್ತದ ಮಾರಕ ಬಿಳಿಕೋಶಗಳು ಕೊಟ್ಟ ಕೋಶಗಳನ್ನು ಕೊಲ್ಲಬಲ್ಲವಾಗಿದ್ದವೋ ಅವರಿಗೆ ಗುಣ ಕಂಡಿತು; ಯಾರ ರಕ್ತ ಕೊಲ್ಲಲಾರದೆ ಹೋಯಿತೋ ಅವರಿಗೆ ಕಾಣಲಿಲ್ಲ. ಕೊಲ್ಲಲ್ಪಟ್ಟ ಕೋಶ ಒಡೆದು ಚೆಲ್ಲದೆ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಬಗೆಯಲ್ಲಿ ಸಾಯುತ್ತದೆ; ಹಾಗೆ ಸತ್ತ ಕೋಶದ ತುಣುಕುಗಳನ್ನು ನುಂಗಿದ ಆತಿಥೇಯದ ನುಂಗುಕೋಶಗಳೇ ಐಡಿಒವನ್ನು ತಯಾರಿಸಿ ಟಿ-ಕೋಶಗಳನ್ನು ತಡೆಯುತ್ತವೆ. ಹೊರಗೆ ಮೊದಲೇ ಸಾಯುವಂತೆ ಮಾಡಿ ಕೊಟ್ಟ ಕೋಶಗಳೂ ಇಲಿಗಳಲ್ಲಿ ರೋಗವನ್ನು ತಗ್ಗಿಸಿದವು. ಹೀಗಾಗಿ ಜೀವಂತ ಕೋಶಗಳ ಶೇಕಡಾವಾರನ್ನು ಗುಣಮಟ್ಟದ ಮುದ್ರೆಯಂತೆ ಬಾಟಲಿಯ ಮೇಲೆ ಬರೆಯುವ ವಾಡಿಕೆ, ಚಿಕಿತ್ಸೆಗೆ ಬೇಕಾದ ಒಂದು ಗುಣವನ್ನು ಅಳೆದು, ಅಷ್ಟೇ ನಿರ್ಣಾಯಕವಾದ ಇನ್ನೊಂದನ್ನು, ಅಂದರೆ ಈ ನಾಯಿಯ ದೇಹ ಈ ಕೋಶವನ್ನು ಹೇಗೆ ಕೊಲ್ಲುತ್ತದೆ ಮತ್ತು ಹೇಗೆ ನುಂಗುತ್ತದೆ ಎಂಬುದನ್ನು, ಅಳೆಯದೆಯೇ ಬಿಡುತ್ತದೆ.

ದೇಹ ಈ ಕೋಶಗಳನ್ನು ಪರಕೀಯವೆಂದು ಗುರುತಿಸುವುದಿಲ್ಲ ಎಂಬ ನಾಲ್ಕನೆಯ ಮಾತು ಇಲ್ಲಿಯೇ ಕುಸಿಯುತ್ತದೆ, ಏಕೆಂದರೆ ಗುರುತಿಸದಿದ್ದರೆ ಕೊಲ್ಲುವುದು ಹೇಗೆ? ತಟ್ಟೆಯಲ್ಲಿ ವಿಶ್ರಾಂತ ಸ್ಥಿತಿಯಲ್ಲಿರುವಾಗ ಈ ಕೋಶಗಳ ಮೈಮೇಲೆ ಎರಡನೆಯ ವರ್ಗದ ಅಂಗಾಂಶ-ಹೊಂದಾಣಿಕೆಯ ಗುರುತುಗಳು, ನಾಯಿಯಲ್ಲಿ ಡಿಎಲ್‌ಎ ಎಂದು ಕರೆಯುವವು, ಕಡಿಮೆ ಇರುತ್ತವೆ ಎಂಬುದು ಈ ನಂಬಿಕೆಯ ಮೂಲ. ಆದರೆ ಇಂಟರ್‌ಫೆರಾನ್-ಗಾಮಾ ಸೋಕಿದೊಡನೆ ಆ ಗುರುತುಗಳು ಏರುತ್ತವೆ. ಕೋಶಕ್ಕೆ ಶಮನಶಕ್ತಿಯನ್ನು ಕೊಡುವ ಅದೇ ದ್ರವ್ಯ ಅದನ್ನು ಪರಕೀಯವೆಂದು ಎತ್ತಿ ತೋರಿಸುತ್ತದೆ. ಅನ್ಯ ಕುದುರೆಯ ಕೋಶಗಳನ್ನು ಪಡೆದ ಕುದುರೆಗಳಲ್ಲಿ ದಾನಿಯ ಗುರುತುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿದ್ದನ್ನು 2015ರಲ್ಲಿ ದಾಖಲಿಸಲಾಯಿತು. ಅನ್ಯ ಕುದುರೆಯ ಕೋಶವನ್ನು ಕೀಲಿಗೆ ಎರಡನೆಯ ಬಾರಿ ಚುಚ್ಚಿದಾಗ ಸ್ವಂತ ಕೋಶಕ್ಕಿಂತ ಹೆಚ್ಚು ಪ್ರತಿಕ್ರಿಯೆ ಕಂಡಿತೆಂದು 2017ರ ಇನ್ನೊಂದು ಅಧ್ಯಯನ ಹೇಳಿತು. ಬೆಕ್ಕುಗಳ ಬಾಯಿಯ ತೀವ್ರ ಉರಿಯೂತಕ್ಕೆ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕೊಬ್ಬಿನ ಕೋಶಗಳನ್ನು ಕೊಟ್ಟಾಗ ಸ್ವಂತ ಕೋಶಗಳಿಗೆ ಏಳರಲ್ಲಿ ಐದು ಬೆಕ್ಕುಗಳು ಸ್ಪಂದಿಸಿದವು, ಅನ್ಯ ಬೆಕ್ಕಿನ ಕೋಶಗಳಿಗೆ ಏಳರಲ್ಲಿ ನಾಲ್ಕು, ಅದೂ ತಡವಾಗಿ; ಸಂಖ್ಯೆಗಳು ಚಿಕ್ಕವಾದರೂ ಮೂಲ ಯಾವುದಾದರೂ ಒಂದೇ ಎಂಬ ನಿಶ್ಚಿಂತೆಗೆ ಅವು ಆಸ್ಪದ ಕೊಡುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ನಾಯಿಗಳ ಕೀಲುಸವೆತಕ್ಕೆ ಅನುಮತಿ ಪಡೆದ ಡಾಗ್‌ಸ್ಟೆಮ್ ಎಂಬ ಔಷಧದಲ್ಲಿರುವುದು ಕುದುರೆಯ ಹೊಕ್ಕುಳಬಳ್ಳಿಯ ಕೋಶಗಳು. ದೇಹ ಪರಕೀಯವನ್ನು ಗಮನಿಸುವುದಿಲ್ಲ ಎಂಬುದಕ್ಕೆ ಇದನ್ನೇ ಪುರಾವೆಯಾಗಿ ತೋರಿಸುವವರಿದ್ದಾರೆ. ಕುದುರೆಯ ಕೋಶ ನಾಯಿಯ ಕೀಲಿನಲ್ಲಿ ಮೃದ್ವಸ್ಥಿಯಾಗಿ ಬಾಳುತ್ತದೆಂದು ಮಾತ್ರ ಅವರಾರೂ ಹೇಳಲಾರರು. ಹಾಗಾದರೆ ಅದರಿಂದ ಆಗುವ ಲಾಭ ಕೋಶ ಬಾಳುವುದರಿಂದ ಆದದ್ದಲ್ಲ ಎಂಬುದನ್ನೇ ಈ ಉದಾಹರಣೆ ಸಾಧಿಸಿಕೊಡುತ್ತದೆ. ಕೊಬ್ಬಿನ ಕೋಶಗಳ ಮೈಮೇಲೆ ರಕ್ತವನ್ನು ಹೆಪ್ಪುಗಟ್ಟಿಸುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಮಜ್ಜೆಯ ಕೋಶಗಳಿಗಿಂತ ಹೆಚ್ಚಾಗಿರುತ್ತದೆಂಬುದನ್ನೂ, ಆದ್ದರಿಂದ ಅಭಿಧಮನಿಗೆ ಅವಸರದಿಂದ ಕೊಡುವುದು ನಿರಪಾಯವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಹಜವಾದದ್ದೆಲ್ಲ ಸುರಕ್ಷಿತ ಎಂಬ ವಾದಕ್ಕೆ ಇದಕ್ಕಿಂತ ದೀರ್ಘವಾದ ಉತ್ತರ ಅನಗತ್ಯ.

ನಾಯಿಯ ಬಗ್ಗೆ ಹೇಳುವ ಮಾತಿಗೆ ಇಲಿಯ ಸಾಕ್ಷ್ಯ ಎಷ್ಟು ಸಲ್ಲುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲಿಯ ಕೋಶಗಳು ಟಿ-ಕೋಶಗಳನ್ನು ತಡೆಯಲು ನೈಟ್ರಿಕ್ ಆಕ್ಸೈಡನ್ನು ನೆಚ್ಚಿಕೊಂಡರೆ ಮನುಷ್ಯರ ಮತ್ತು ಮಂಗಗಳ ಕೋಶಗಳು ಐಡಿಒವನ್ನು ನೆಚ್ಚಿಕೊಳ್ಳುತ್ತವೆ ಎಂಬುದು 2009ರಿಂದಲೂ ತಿಳಿದ ವಿಷಯ. ಆದರೆ ಈ ಆಕ್ಷೇಪ ಹೆಚ್ಚು ಬಲವಾಗಿ ಬೀಳುವುದು ಪೂರ್ವಪಕ್ಷದ ಮೇಲೆಯೇ. ನಾಯಿಯ ಕೊಬ್ಬಿನ ಕೋಶಗಳು ಮ್ಯಾಕ್ರೋಫೇಜ್‌ಗಳನ್ನು ಶಮನಕಾರಿ ಬಗೆಗೆ ತಿರುಗಿಸುತ್ತವೆ, ಕರುಳಿನ ಉರಿಯೂತವನ್ನು ತಗ್ಗಿಸುತ್ತವೆ ಎಂದು ಉದಾಹರಿಸಲಾಗುವ ಪ್ರಯೋಗಗಳಲ್ಲಿ ಹಲವು ನಾಯಿಯ ಕೋಶವನ್ನು ಇಲಿಗೆ ಚುಚ್ಚಿ ಮಾಡಿದವು. ಅಲ್ಲಿ ಕೋಶ ನಾಯಿಯದು, ನಿರೋಧಕ ವ್ಯವಸ್ಥೆ ಇಲಿಯದು. ಪರಕೀಯ ಜಾತಿಯ ಕೋಶವನ್ನು ಕಂಡು ಇಲಿ ಮಾಡಿದ್ದೇ ಬಹುಪಾಲು ಫಲಿತಾಂಶವಾಗಿದ್ದರೂ ಆ ವಿನ್ಯಾಸದಲ್ಲಿ ಅದು ಗೊತ್ತಾಗುವಂತಿಲ್ಲ. ಮೇಲಾಗಿ, 2006ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಇಂಥ ಕೋಶಗಳಿಗೆ ನಿಗದಿಪಡಿಸಿದ ಸಿಡಿ73, ಸಿಡಿ90, ಸಿಡಿ105 ಎಂಬ ಮೇಲ್ಮೈ ಗುರುತುಗಳು ಮನುಷ್ಯರ ಕೋಶವನ್ನು ಗಮನದಲ್ಲಿಟ್ಟುಕೊಂಡವು. ಮನುಷ್ಯರ ಗುರುತುಗಳಿಗೆಂದು ತಯಾರಿಸಿದ ಪ್ರತಿಕಾಯಗಳು ನಾಯಿಯ ಕೋಶಗಳಿಗೆ ಅನೇಕ ವೇಳೆ ಸರಿಯಾಗಿ ಅಂಟುವುದೇ ಇಲ್ಲ. ಇನ್ನು ಕೊಬ್ಬನ್ನು ಕಿಣ್ವದಲ್ಲಿ ಬಿಡಿಸಿದ ದಿನವೇ ಚುಚ್ಚುವ ಮಿಶ್ರಣದಲ್ಲಿ ರಕ್ತನಾಳದ ಒಳಪದರದ ಕೋಶಗಳು, ಮ್ಯಾಕ್ರೋಫೇಜ್‌ಗಳು, ಲಿಂಫೋಸೈಟ್‌ಗಳು ಎಲ್ಲವೂ ಇದ್ದು, ಕಾಂಡಕೋಶವೆನ್ನಬಹುದಾದವು ಅಲ್ಪಸಂಖ್ಯಾತವಾಗಿರುತ್ತವೆ. ವಾರಗಟ್ಟಲೆ ಬೆಳೆಸಿದ ಕೋಶಗಳನ್ನೂ ಈ ಮಿಶ್ರಣವನ್ನೂ ಒಂದೇ ಹೆಸರಿನಲ್ಲಿ ಕರೆದು, ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಎರವಲು ಕೊಡುವುದು ವಿಜ್ಞಾನದ ಶಿಸ್ತಲ್ಲ.

ನಾಯಿಯಲ್ಲಿಯೇ ನಡೆದ ಚಿಕಿತ್ಸಾ ಪ್ರಯೋಗಗಳಿಗೆ ಬರೋಣ. ವೆಟ್-ಸ್ಟೆಮ್‌ನ ರಾಬರ್ಟ್ ಹಾರ್ಮನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ, ಅನ್ಯ ನಾಯಿಯ ಕೊಬ್ಬಿನ ಕೋಶಗಳನ್ನು ಕೀಲಿಗೆ ಚುಚ್ಚಿದ ಅಧ್ಯಯನ ಈ ಕ್ಷೇತ್ರದ ದೊಡ್ಡ ಪ್ರಯೋಗಗಳಲ್ಲಿ ಒಂದು; 93 ನಾಯಿಗಳನ್ನು ಸೇರಿಸಿಕೊಂಡು, 74ರ ಫಲಿತಾಂಶವನ್ನು ವಿಶ್ಲೇಷಿಸಿದ ಅದು ಯಾರಿಗೆ ಕೋಶ, ಯಾರಿಗೆ ಬರಿಯ ದ್ರವ ಎಂಬುದನ್ನು ಮರೆಮಾಡಿ ಹಂಚಿದ ಗೌರವಾರ್ಹ ಪ್ರಯತ್ನ. ಮಾಲೀಕರ ಅಂದಾಜಿನಲ್ಲಿ ಕೋಶ ಪಡೆದ ನಾಯಿಗಳಲ್ಲಿ ಶೇ. 79.2ರಷ್ಟು ಸುಧಾರಿಸಿದವು ಎಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬರಿಯ ದ್ರವ ಪಡೆದ ನಾಯಿಗಳಲ್ಲಿಯೂ ಶೇ. 55.4ರಷ್ಟು ಸುಧಾರಿಸಿದವು ಎಂಬುದನ್ನು ಉಲ್ಲೇಖಿಸುವವರು ವಿರಳ. ಇದಕ್ಕೆ ವಿವರಣೆ ನಾಲ್ಕು ವರ್ಷ ಮುಂಚೆಯೇ ಸಿಕ್ಕಿತ್ತು: ಹುಸಿಮದ್ದು ಪಡೆದ 58 ಕುಂಟುನಾಯಿಗಳನ್ನು ಬಲಮಾಪಕ ಹಲಗೆಯ ಅಳತೆಯೊಂದಿಗೆ ಹೋಲಿಸಿ 2012ರಲ್ಲಿ ಮಾಡಿದ ಅಧ್ಯಯನದಲ್ಲಿ, ಯಂತ್ರಕ್ಕೆ ಕಾಣದ ಸುಧಾರಣೆಯನ್ನು ಮಾಲೀಕರು ಸುಮಾರು ಶೇ. 40ರಷ್ಟು ಬಾರಿ ಕಂಡರು, ಪಶುವೈದ್ಯರೂ ಹೆಚ್ಚುಕಡಿಮೆ ಅಷ್ಟೇ ಬಾರಿ ಕಂಡರು. ಹುಸಿಮದ್ದಿನ ಪರಿಣಾಮ ನಾಯಿಯ ಮೇಲೆ ಆಗುವುದಲ್ಲ, ನೋಡುವವರ ಮೇಲೆ ಆಗುವುದು. ಪ್ರೀತಿಸಿದ ಪ್ರಾಣಿಯ ನೋವು ಇಳಿಯಲಿ ಎಂಬ ಹಂಬಲಕ್ಕೆ ಕಣ್ಣು ಸೋಲುವುದು ಸಹಜ. ಆ ಹಂಬಲವನ್ನು ಪುರಾವೆಯ ಜಾಗದಲ್ಲಿ ಕೂರಿಸಿ ಹಣ ಕೇಳುವುದು ಅಕ್ಷಮ್ಯ.

ನಿರೋಧಕ ವ್ಯವಸ್ಥೆಯ ರೋಗಗಳಲ್ಲಿ ಚಿತ್ರ ಇನ್ನೂ ಚದುರಿದೆ. ಸ್ಪೇನಿನಲ್ಲಿ ಕರುಳುರಿಯೂತದ 11 ನಾಯಿಗಳಿಗೆ ಒಮ್ಮೆ ಮಾತ್ರ ಅಭಿಧಮನಿಯ ಮೂಲಕ ಅನ್ಯ ನಾಯಿಯ ಕೊಬ್ಬಿನ ಕೋಶ ಕೊಟ್ಟಾಗ 42 ದಿನಗಳಲ್ಲಿ 9 ನಾಯಿಗಳ ಲಕ್ಷಣಗಳು ಇಳಿದವು ಎಂಬ 2015ರ ವರದಿ ಆಶಾದಾಯಕವಾದರೂ, ತಾನಾಗಿಯೇ ಏರಿಳಿಯುವ ಆ ರೋಗದಲ್ಲಿ ಹೋಲಿಕೆಯ ಗುಂಪೇ ಇಲ್ಲದ ಪ್ರಯೋಗ ಅದು. ಚರ್ಮದ ಅಲರ್ಜಿಯಲ್ಲಿ 2010ರಲ್ಲಿ ಐದು ನಾಯಿಗಳಿಗೆ ಅವುಗಳದೇ ಕೊಬ್ಬಿನ ಕೋಶಗಳನ್ನು ಕೊಟ್ಟಾಗ ಗಣನೀಯ ಸುಧಾರಣೆ ಕಾಣಲಿಲ್ಲ. 2018ರಲ್ಲಿ ಅನ್ಯ ನಾಯಿಯ ಕೋಶ ಪಡೆದು ಅಧ್ಯಯನವನ್ನು ಪೂರೈಸಿದ ಇಪ್ಪತ್ತೆರಡು ನಾಯಿಗಳಲ್ಲಿ ಕಂಡಿತು, ಅಲ್ಲಿಯೂ ಹೋಲಿಕೆಯ ಗುಂಪಿರಲಿಲ್ಲ. ರೂಢಿಯ ನಂಬಿಕೆ ಇವುಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಸ್ವಂತ ಕೋಶ ಸೋತು ಅನ್ಯ ಕೋಶ ಗೆದ್ದದ್ದು ಆಕಸ್ಮಿಕವೋ, ಪರಕೀಯತೆಯೇ ಪ್ರಚೋದಕವೋ, ರೋಗಿಯ ಕೊಬ್ಬಿನ ಕೋಶ ರೋಗದಿಂದಲೇ ದುರ್ಬಲವಾಗಿತ್ತೋ ಎಂಬ ನಿಜವಾದ ಪ್ರಶ್ನೆ ಹಾಗೆಯೇ ಬಿದ್ದಿದೆ.

ಚಿಕ್ಕ ಪ್ರಯೋಗಗಳ ಭರವಸೆ ದೊಡ್ಡ ಪರೀಕ್ಷೆಯಲ್ಲಿ ಏನಾಗಬಹುದೆಂಬುದಕ್ಕೆ ಮನುಷ್ಯರ ವೈದ್ಯದಲ್ಲಿ ಕೊಬ್ಬಿನ ಕೋಶದ್ದೇ ಉದಾಹರಣೆಯಿದೆ. ಕ್ರೋನ್ಸ್ ಎಂಬ ಕರುಳುರೋಗದಲ್ಲಿ ಗುದದ್ವಾರದ ಬಳಿ ಹುಟ್ಟುವ ನಾಳವ್ರಣಗಳಿಗೆ ಅನ್ಯ ದಾನಿಯ ಕೊಬ್ಬಿನ ಕೋಶಗಳಾದ ಡಾರ್ವಾಡ್‌ಸ್ಟ್ರೋಸೆಲ್ ಮೊದಲ ಪ್ರಯೋಗದಲ್ಲಿ ಹುಸಿಮದ್ದನ್ನು ಮೀರಿಸಿ, 2018ರಲ್ಲಿ ಐರೋಪ್ಯ ಅನುಮತಿ ಪಡೆಯಿತು. 2023ರಲ್ಲಿ ಬಂದ ದೊಡ್ಡ ಪ್ರಯೋಗದ ಫಲಿತಾಂಶದಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದವು. 2024ರ ಡಿಸೆಂಬರಿನಲ್ಲಿ ಅದು ಐರೋಪ್ಯ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಅದೇ ತಿಂಗಳು ಅಮೆರಿಕದಲ್ಲಿ ಮಜ್ಜೆಯ ಕೋಶಗಳ ಇನ್ನೊಂದು ಔಷಧಕ್ಕೆ, ಕಸಿಯ ನಂತರದ ತೀವ್ರ ರೋಗಕ್ಕೆ ತುತ್ತಾಗಿ ಸ್ಟೆರಾಯ್ಡ್‌ಗೂ ಬಗ್ಗದ ಮಕ್ಕಳಿಗಾಗಿ, ಅನುಮತಿ ಸಿಕ್ಕಿತು. ಈ ಎರಡನ್ನೂ ಒಟ್ಟಿಗೆ ಓದಬೇಕು. ಉರಿಯೂತ ಉಗ್ರವಾಗಿ, ಇಂಟರ್‌ಫೆರಾನ್ ತುಂಬಿ, ಮಾರಕ ಬಿಳಿಕೋಶಗಳು ಎಚ್ಚೆತ್ತಿರುವ ದೇಹದಲ್ಲಿ ಕೋಶಕ್ಕೆ ಕೆಲಸವಿದೆ; ಹಾಗಿಲ್ಲದ ಕಡೆ ಅದು ಹುಸಿಮದ್ದನ್ನು ಮೀರದೆ ಹೋಗಬಹುದು.

ಹೇಗೆ ಕೆಲಸ ಮಾಡಿದರೇನು, ಕೆಲಸ ಮಾಡಿದರೆ ಸಾಕಲ್ಲವೇ ಎಂಬುದು ವ್ಯವಹಾರಸ್ಥರ ಕೊನೆಯ ಆಶ್ರಯ. ಆದರೆ ಎಷ್ಟು ಕೋಶ, ಯಾವ ದಾರಿ, ಯಾವ ದಾನಿ, ಯಾವ ದಿನ, ಯಾವ ಮಾತ್ರೆಯನ್ನು ನಿಲ್ಲಿಸಿ ಎಂಬ ಪ್ರತಿಯೊಂದು ನಿರ್ಧಾರವೂ ಹೇಗೆ ಎಂಬುದರ ಮೇಲೆಯೇ ನಿಂತಿದೆ. ಕೋಶ ನೆಲೆಸಿ ದುರಸ್ತಿ ಮಾಡುತ್ತದೆ ಎಂದಾದರೆ ಒಮ್ಮೆ ಕೊಟ್ಟರೆ ಸಾಕು. ಅದು ಸತ್ತು ಸಂದೇಶ ಕೊಡುತ್ತದೆ ಎಂದಾದರೆ ಮತ್ತೆ ಮತ್ತೆ ಕೊಡಬೇಕಾಗಬಹುದು, ಆಗ ಹಿಂದಿನ ಬಾರಿ ಹುಟ್ಟಿದ ಪ್ರತಿಕಾಯಗಳ ಲೆಕ್ಕ ಹಾಕಬೇಕು. ಸೋತ ನಾಯಿಗಳ ವಿಷಯದಲ್ಲಿ ಈ ಭೇದ ಇನ್ನೂ ತೀಕ್ಷ್ಣವಾಗುತ್ತದೆ: ದುರಸ್ತಿಯ ಕಥೆಯನ್ನು ನಂಬಿದವರು ಇನ್ನಷ್ಟು ಕೋಶಗಳನ್ನು ಕೊಡಲು ಮುಂದಾಗುತ್ತಾರೆ, ಆದರೆ ಆ ನಾಯಿಯ ರಕ್ತ ಕೋಶವನ್ನು ಕೊಲ್ಲಲಾರದ್ದಾಗಿದ್ದರೆ ಎಷ್ಟು ಕೋಟಿ ಕೊಟ್ಟರೂ ಫಲ ಒಂದೇ. ಡೇವಿಸ್‌ನ ಬೆಕ್ಕುಗಳಲ್ಲಿ ರಕ್ತದ ಒಂದು ಬಗೆಯ ಟಿ-ಕೋಶಗಳ ಪ್ರಮಾಣವನ್ನು ನೋಡಿ ಯಾವ ಬೆಕ್ಕು ಸ್ಪಂದಿಸೀತೆಂದು ಮೊದಲೇ ಊಹಿಸುವ ಪ್ರಯತ್ನ ನಡೆದಿದೆ. ನಾಯಿಯ ಚಿಕಿತ್ಸೆಯಲ್ಲಿಯೂ ಚುಚ್ಚುವ ಮುಂಚೆ ಒಂದು ಹನಿ ರಕ್ತವನ್ನು ಆ ಕೋಶಗಳೊಂದಿಗೆ ತಟ್ಟೆಯಲ್ಲಿಟ್ಟು, ಅದು ಕೊಲ್ಲುತ್ತದೆಯೇ, ಇಂಟರ್‌ಫೆರಾನ್ ಬಿಡುತ್ತದೆಯೇ ಎಂದು ನೋಡುವುದು ಸಾಧ್ಯವಿರುವ ಕೆಲಸ. ಅದಕ್ಕೂ ಮುಂಚೆ ನಡೆಯಬೇಕಾದ ಪ್ರಯೋಗ ಒಂದಿದೆ: ಜೀವಂತ ಕೋಶ, ಮೊದಲೇ ಸಾಯುವಂತೆ ಮಾಡಿದ ಅವೇ ಕೋಶ, ಬರಿಯ ಲವಣಜಲ ಎಂಬ ಮೂರು ಗುಂಪುಗಳಲ್ಲಿ, ಯಾರಿಗೆ ಯಾವುದೆಂದು ತಿಳಿಯದಂತೆ ಹಂಚಿ, ನೋವುನಿವಾರಕ ಮಾತ್ರೆಗಳ ದಾಖಲೆಯಿಟ್ಟು, ಹೆಜ್ಜೆಯ ಬಲವನ್ನು ಯಂತ್ರದಿಂದ ಅಳೆಯುವ ಪ್ರಯೋಗ. ಸತ್ತ ಕೋಶಗಳ ಗುಂಪು ಜೀವಂತ ಕೋಶಗಳ ಗುಂಪಿನಷ್ಟೇ ಚೆನ್ನಾಗಿ ನಡೆದರೆ ದುರಸ್ತಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಹಿಂದೆ ಬಿದ್ದರೆ ಆ ಕಥೆಯಲ್ಲಿ ಎಷ್ಟು ಭಾಗ ನಿಜವೆಂಬುದು ಮೊದಲ ಬಾರಿಗೆ ಗೊತ್ತಾಗುತ್ತದೆ. ಕೋಶಗಳನ್ನು ಮಾರುತ್ತಿರುವವರ ಬಳಿ ಅವೂ ಇವೆ, ನಾಯಿಗಳೂ ಇವೆ. ಈ ಪ್ರಯೋಗವನ್ನು ನಡೆಸುವ ಹೊಣೆ ಅವರದೇ.